ಟ್ಯಾಂಗ್‌ಮಿಯರಿನ ಬೆಳುದಿಂಗಳು

ಇಂಗ್ಲೆಂಡಿನ ದಕ್ಷಿಣ ತೀರದ ಸಸೆಕ್ಸ್ ಸೀಮೆಯಲ್ಲಿ ಚಿಚೆಸ್ಟರ್ ಎಂಬ ಹಳೆಯ ಪಟ್ಟಣವೊಂದುಂಟು. ಅಲ್ಲಿಯ ದೊಡ್ಡ ಇಗರ್ಜಿಯ ಮೊನಚಾದ ಗೋಪುರ ಬಹು ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಆ ಪಟ್ಟಣದಿಂದ ಮೂಡಣಕ್ಕೆ ಮೂರು ಮೈಲಿ ಹೋದರೆ ಟ್ಯಾಂಗ್‌ಮಿಯರ್ ಎಂಬ ಹಳ್ಳಿ. ಉತ್ತರಕ್ಕೆ ಹುಲ್ಲು ಹೊದ್ದ ಸಣ್ಣ ಗುಡ್ಡಗಳ ಸಾಲು. ದಕ್ಷಿಣಕ್ಕೆ ಕೆಲವೇ ಮೈಲಿಗಳಲ್ಲಿ ಸಮುದ್ರ. ಆ ಸಮುದ್ರದ ಆಚೆ ಫ್ರಾನ್ಸ್. ನಡುವೆ ಮೇಜಿನಂತೆ ಸಮನಾದ ನೆಲ. ಈ ನೆಲದ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬ್ರಿಟಿಷ್ ವಿಮಾನದಳದ ನಿಲ್ದಾಣವೊಂದಿತ್ತು. ಈಗ ಇರುವುದು ಅದರ ನೆನಪಿಗಾಗಿ ಕಟ್ಟಿದ ಒಂದು ವಸ್ತುಸಂಗ್ರಹಾಲಯ.

ಪರದೇಶದ ಒಂದು ಹಳ್ಳಿಯ ಸಂಗ್ರಹಾಲಯದ ಸುದ್ದಿ ನಮಗೇಕೆ ಎಂದು ಕೇಳುವವರು ಸ್ವಲ್ಪ ಸಾವಧಾನದಿಂದ ಇರಬೇಕು. 1943ರ ಜೂನ್ ತಿಂಗಳ ಒಂದು ಬೆಳುದಿಂಗಳ ರಾತ್ರಿ ಈ ಬಯಲಿನಿಂದ ಹಾರಿಹೋದ ತರುಣಿಯೊಬ್ಬಳ ವಂಶದ ಬೇರು ಕಾವೇರಿಯ ದ್ವೀಪವಾದ ನಮ್ಮ ಶ್ರೀರಂಗಪಟ್ಟಣದಲ್ಲಿತ್ತು. ಆಕೆ ರೇಡಿಯೋದಲ್ಲಿ ಮಕ್ಕಳಿಗೆ ಕಥೆ ಹೇಳಿದವಳು. ರೇಡಿಯೋ ಯಂತ್ರದ ಮುಂದೆ ಕುಳಿತೇ ಪ್ರಾಣವನ್ನು ಪಣವಾಗಿ ಒಡ್ಡಿದವಳು. ಆ ವಿಷಯಕ್ಕೆ ಬರುವ ಮೊದಲು ಬಯಲಿನ ಪೂರ್ವವೃತ್ತಾಂತವನ್ನು ಸ್ವಲ್ಪ ಹೇಳಿಬಿಡುತ್ತೇನೆ.

ವಿಮಾನನಿಲ್ದಾಣಗಳನ್ನು ಬಹು ಆಲೋಚನೆ ಮಾಡಿ, ನಕ್ಷೆ ಹರಡಿ, ಅಳೆದು ಸುರಿದು ಆರಿಸುತ್ತಾರೆಂದು ನಾವು ತಿಳಿದಿರುತ್ತೇವೆ. ಟ್ಯಾಂಗ್‌ಮಿಯರಿನ ಕಥೆ ಹಾಗಲ್ಲ. 1916ರ ನವೆಂಬರಿನಲ್ಲಿ ಜೆಫ್ರಿ ಡಾರ್ಮನ್ ಎಂಬ ತರುಣ ಸೈನ್ಯಾಧಿಕಾರಿ ವಿಮಾನ ನಡೆಸುತ್ತ ಬರುತ್ತಿದ್ದಾಗ ತೊಂದರೆಗೆ ಸಿಕ್ಕಿ, ಇಲ್ಲಿಯ ಹೊಲವೊಂದರಲ್ಲಿ ಹೇಗೋ ಇಳಿದುಕೊಂಡ. ಇಳಿದವನಿಗೆ ನೆಲ ಮೆಚ್ಚಿಗೆಯಾಯಿತು. ಇದು ನಿಲ್ದಾಣಕ್ಕೆ ಒಳ್ಳೆಯ ಜಾಗವೆಂದು ಮೇಲಿನವರಿಗೆ ವರದಿ ಮಾಡಿದ. ಮರುವರ್ಷವೇ ನಿಲ್ದಾಣದ ಕೆಲಸ ಆರಂಭವಾಯಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಕೆಲವು ವರ್ಷ ಬಾಗಿಲು ಮುಚ್ಚಿದ್ದು, 1925ರಲ್ಲಿ ಮತ್ತೆ ತೆರೆಯಿತು. ಆಗಿನ ಕಾಲದಲ್ಲಿ ಸಿಮೆಂಟಿನ ಓಟದ ಹಾದಿಯಿಲ್ಲ; ಹುಲ್ಲಿನ ಮೇಲೆಯೇ ಏರುವುದು, ಹುಲ್ಲಿನ ಮೇಲೆಯೇ ಇಳಿಯುವುದು. ಎರಡು ರೆಕ್ಕೆಯ ಬೆಳ್ಳಿ ಬಣ್ಣದ ವಿಮಾನಗಳು ಬೇಸಗೆಯ ಸಂಜೆಗಳಲ್ಲಿ ಬಾನಿನಲ್ಲಿ ಲಾಗ ಹಾಕುತ್ತಿದ್ದುವು. ಹಳ್ಳಿಯವರಿಗೆ ಅದೊಂದು ನಿತ್ಯದ ತಮಾಷೆ.

ತಮಾಷೆ ಮುಗಿದದ್ದು 1940ರಲ್ಲಿ. ಫ್ರಾನ್ಸ್ ಬಿದ್ದುಹೋಯಿತು. ಜರ್ಮನರ ವಿಮಾನಗಳು ಕಾಲುವೆಯ ಆಚೆ ದಡದಲ್ಲಿಯೇ ಬಂದು ಕುಳಿತುವು. ದಕ್ಷಿಣ ಇಂಗ್ಲೆಂಡಿನ ಆಕಾಶವನ್ನು ಕಾಯುವ ಮುಖ್ಯ ಠಾಣೆಗಳಲ್ಲಿ ಟ್ಯಾಂಗ್‌ಮಿಯರ್ ಒಂದಾಯಿತು. ಆಗಸ್ಟ್ 16ರ ಮಧ್ಯಾಹ್ನ ಊಟದ ಹೊತ್ತಿಗೆ ಜರ್ಮನರ ಸ್ಟೂಕಾ ವಿಮಾನಗಳು ಸಿಳ್ಳು ಹಾಕುತ್ತ ಕೆಳಕ್ಕೆರಗಿ ಬಾಂಬು ಸುರಿದುವು. ವಿಮಾನಗಳ ಕೊಟ್ಟಿಗೆಗಳು, ಕಾರ್ಯಾಗಾರಗಳು, ಆಸ್ಪತ್ರೆಯ ಕಟ್ಟಡ ಎಲ್ಲಕ್ಕೂ ಹಾನಿಯಾಯಿತು. ಹತ್ತು ಮಂದಿಗಿಂತ ಹೆಚ್ಚು ಜನ ಸತ್ತರು. ಅದೇ ಹೊತ್ತಿಗೆ ಕಾದಾಟದಿಂದ ಹಿಂದಿರುಗಿದ ಬಿಲ್ಲಿ ಫಿಸ್ಕ್ ಎಂಬ ಅಮೆರಿಕನ್ ಚಾಲಕ ಗುಂಡು ತಗುಲಿದ ವಿಮಾನವನ್ನು ಬಿಡದೆ ಇದೇ ಬಯಲಿಗೆ ತಂದು ಇಳಿಸಿದ. ಮೈ ಸುಟ್ಟಿತ್ತು, ಮರುದಿನ ತೀರಿಕೊಂಡ. ಹಿಮದ ಮೇಲೆ ಬಂಡಿ ಜಾರಿಸುವ ಪಂದ್ಯದಲ್ಲಿ 1928 ಮತ್ತು 1932ರ ಒಲಿಂಪಿಕ್ ಕೂಟಗಳೆರಡರಲ್ಲಿಯೂ ಚಿನ್ನದ ಪದಕ ಗೆದ್ದಿದ್ದ ಸಿರಿವಂತರ ಮನೆಯ ಹುಡುಗ ಆತ. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಹತ್ತಿರದ ಬಾಕ್ಸ್‌ಗ್ರೋವ್ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಅವನ ಸಮಾಧಿಯಿದೆ. ಟ್ಯಾಂಗ್‌ಮಿಯರಿನ ಇಗರ್ಜಿಯ ಅಂಗಳದಲ್ಲಿ ಬ್ರಿಟಿಷ್ ವಿಮಾನಿಗಳೂ ಅವರು ಹೊಡೆದುರುಳಿಸಿದ ಜರ್ಮನ್ ವಿಮಾನಿಗಳೂ ಒಂದೇ ಹುಲ್ಲಿನ ಕೆಳಗೆ ಮಲಗಿದ್ದಾರೆ.

ಮರುವರ್ಷ ಇಲ್ಲಿಯ ತಂಡಗಳಿಗೆ ನಾಯಕನಾಗಿ ಬಂದವನು ಡಗ್ಲಸ್ ಬೇಡರ್. 1931ರ ಅಪಘಾತವೊಂದರಲ್ಲಿ ಎರಡು ಕಾಲುಗಳನ್ನೂ ಕಳೆದುಕೊಂಡು, ಲೋಹದ ಕಾಲುಗಳನ್ನು ತೊಟ್ಟು ಯುದ್ಧವಿಮಾನ ನಡೆಸಿದ ಗಟ್ಟಿಗ. 1941ರ ಆಗಸ್ಟಿನಲ್ಲಿ ಫ್ರಾನ್ಸಿನ ಮೇಲೆ ಹಾರುತ್ತಿದ್ದಾಗ ಬಿದ್ದು ಸೆರೆಯಾದ. ಅವನ ಕಥೆ ಪುಸ್ತಕವಾಗಿ, ಚಲಚ್ಚಿತ್ರವಾಗಿ ಲೋಕಕ್ಕೆಲ್ಲ ತಿಳಿದಿದೆ. ಹೆಚ್ಚಿಗೆ ಹೇಳಬೇಕಾದ್ದಿಲ್ಲ.

ಯುದ್ಧ ಮುಗಿದ ಮೇಲೂ ಟ್ಯಾಂಗ್‌ಮಿಯರಿಗೆ ಸ್ವಲ್ಪ ಕಾಲ ಒಳ್ಳೆಯ ದಿನಗಳಿದ್ದುವು. 1946ರ ಸೆಪ್ಟೆಂಬರ್ 7ರಂದು ಇಲ್ಲಿಂದ ಹೊರಟ ಜೆಟ್ ಮೀಟಿಯರ್ ವಿಮಾನದಲ್ಲಿ ಡೊನಾಲ್ಡ್‌ಸನ್ ಎಂಬಾತ ಗಂಟೆಗೆ 616 ಮೈಲಿ ಹಾರಿ ಜಗತ್ತಿನ ದಾಖಲೆ ಮಾಡಿದ. ಸರಿಯಾಗಿ ಏಳು ವರ್ಷಗಳ ಬಳಿಕ, 1953ರ ಅದೇ ಸೆಪ್ಟೆಂಬರ್ 7ರಂದು, ನೆವಿಲ್ ಡ್ಯೂಕ್ ಕೆಂಪು ಬಣ್ಣದ ಹಂಟರ್ ವಿಮಾನದಲ್ಲಿ ಗಂಟೆಗೆ 727 ಮೈಲಿಗೂ ಮೀರಿದ. ಆಮೇಲೆ ದಿನೇ ದಿನೇ ನಿಲ್ದಾಣದ ಉಪಯೋಗ ಕಡಮೆಯಾಗುತ್ತ ಬಂದು, 1970ರ ಅಕ್ಟೋಬರಿನಲ್ಲಿ ವಿಮಾನದಳದ ಬಾವುಟವನ್ನು ಕೊನೆಯ ಬಾರಿ ಇಳಿಸಿದರು. ಓಟದ ಹಾದಿಯನ್ನು ಒಡೆದು ತೆಗೆದರು. ಹೊಲ ಮತ್ತೆ ಹೊಲವಾಯಿತು.

ಹೀಗೆ ಎಲ್ಲವೂ ಅಳಿಸಿಹೋಗುತ್ತಿದ್ದಾಗ, ಇಲ್ಲಿ ಹಿಂದೆ ಕೆಲಸ ಮಾಡಿದ್ದ ಕೆಲವರೂ ಊರಿನ ಉತ್ಸಾಹಿಗಳೂ ಸೇರಿ, 1982ರ ಜೂನ್ ತಿಂಗಳಲ್ಲಿ ಹಳೆಯ ನಿಲ್ದಾಣದ ಒಂದು ಮೂಲೆಯಲ್ಲಿ ಸಂಗ್ರಹಾಲಯವನ್ನು ತೆರೆದರು. ಸರಕಾರದ ದೊಡ್ಡ ಸಂಸ್ಥೆಯಲ್ಲ. ಸ್ವಯಂಸೇವಕರ ದುಡಿಮೆಯಿಂದ ನಡೆದುಬಂದದ್ದು. ಮೇಲೆ ಹೇಳಿದ ಮೀಟಿಯರ್, ಹಂಟರ್ ಎರಡೂ ವಿಮಾನಗಳನ್ನು ಇಲ್ಲಿ ನೋಡಲು ಇಟ್ಟರು. ಮೊತ್ತಮೊದಲ ಸ್ಪಿಟ್‌ಫೈರ್ ವಿಮಾನದ ಪೂರ್ಣಗಾತ್ರದ ಪ್ರತಿಕೃತಿ ಬಂತು. ಪದಕಗಳು, ಸಮವಸ್ತ್ರಗಳು, ಚಾಲಕರ ದಿನಚರಿಗಳು, ನೆಲದಿಂದ ಅಗೆದು ತೆಗೆದ ಮುರುಕು ಯಂತ್ರಗಳು ಒಂದೊಂದಾಗಿ ಕೂಡಿದುವು. ಮಕ್ಕಳನ್ನು ಕರೆದುಕೊಂಡು ಬಂದವರು ಕೆಂಪು ಹಂಟರಿನ ಮುಂದೆ ನಿಲ್ಲದೆ ಹೋಗುವುದಿಲ್ಲ. ನಿಲ್ಲುವುದು ಸಹಜವೇ. ಕಣ್ಣಿಗೆ ಹಬ್ಬವಾಗುವ ವಸ್ತುವೂ ಹೌದು.

ಆದರೆ ಸಂಗ್ರಹಾಲಯವೆಂದರೆ ಉಳಿದ ವಸ್ತುಗಳ ಮನೆ. ಗದ್ದಲ ಮಾಡಿಕೊಂಡು ಹೋದದ್ದು ಏನಾದರೂ ಒಂದನ್ನು ಹಿಂದೆ ಬಿಟ್ಟೇ ಹೋಗುತ್ತದೆ. ಸದ್ದಿಲ್ಲದೆ ನಡೆದದ್ದರ ಗತಿಯೇನು? ಸದ್ದಾಗಬಾರದು, ಕುರುಹು ಉಳಿಯಬಾರದು ಎಂದೇ ಪ್ರತಿಜ್ಞೆ ಮಾಡಿ ನಡೆಸಿದ ಕೆಲಸವೊಂದು ಈ ಬಯಲಿನಲ್ಲಿ ಯುದ್ಧಕಾಲದುದ್ದಕ್ಕೂ ನಡೆಯಿತು. ಟ್ಯಾಂಗ್‌ಮಿಯರಿನ ಸಂಗ್ರಹಾಲಯ ಆ ಕೆಲಸವನ್ನೂ ತನ್ನ ಕಥೆಯೊಳಗೆ ಸೇರಿಸಿಕೊಂಡಿದೆ. ನನ್ನ ಮಟ್ಟಿಗೆ ಅದರ ನಿಜವಾದ ಬೆಲೆಯಿರುವುದು ಅಲ್ಲಿ. ವೇಗದ ದಾಖಲೆಗಳಲ್ಲಿ ಅಲ್ಲ.

ನಿಲ್ದಾಣದ ಹೆಬ್ಬಾಗಿಲಿಗೆ ಎದುರಾಗಿ, ರಸ್ತೆಯ ಆಚೆ ಬದಿಯಲ್ಲಿ, ಒಂದು ಸಾಧಾರಣವಾದ ಮನೆಯಿತ್ತು. ಎಲ್ಲರೂ ಅದನ್ನು ಕಾಟೇಜ್ ಎಂದೇ ಕರೆಯುತ್ತಿದ್ದರು. ಪ್ರತಿ ತಿಂಗಳೂ ಹುಣ್ಣಿಮೆಗೆ ಒಂದು ವಾರ ಮುಂಚೆ ಕೆಲವು ಚಾಲಕರು ಉತ್ತರದ ಟೆಂಪ್ಸ್‌ಫರ್ಡ್ ಎಂಬ ನಿಲ್ದಾಣದಿಂದ ಇಲ್ಲಿಗೆ ಬಂದು ಬೀಡುಬಿಡುತ್ತಿದ್ದರು. ಹುಣ್ಣಿಮೆ ಕಳೆದು ಒಂದು ವಾರಕ್ಕೆ ಹೊರಟುಹೋಗುತ್ತಿದ್ದರು. ಕತ್ತಲಾದ ಮೇಲೆ ಲಂಡನ್ನಿನಿಂದ ಪರದೆ ಎಳೆದ ಮೋಟಾರು ಕಾರುಗಳು ಬರುತ್ತಿದ್ದುವು. ಕಾರಿನಿಂದ ಇಳಿದವರು ಅಂದಿನ ಫ್ರೆಂಚ್ ಜನರ ಉಡುಪು ತೊಟ್ಟಿರುತ್ತಿದ್ದರು. ಒಟ್ಟಿಗೆ ಕುಳಿತು ಊಟ ಮಾಡುವರು. ತಮ್ಮ ನಿಜವಾದ ಹೆಸರು ಹೇಳುವುದಿಲ್ಲ, ಇವರು ಕೇಳುವುದೂ ಇಲ್ಲ. ಊಟವಾದ ಮೇಲೆ ಜೇಬುಗಳನ್ನೆಲ್ಲ ಶೋಧಿಸುವರು: ಇಂಗ್ಲಿಷ್ ರೈಲು ಟಿಕೀಟಿನ ಒಂದು ತುಣುಕು ಉಳಿದಿದ್ದರೂ ಪ್ರಾಣಕ್ಕೆ ಸಂಚಕಾರ.

ಇವರನ್ನು ಶತ್ರುವಿನ ನೆಲಕ್ಕೆ ಒಯ್ಯುತ್ತಿದ್ದ ವಿಮಾನದ ಹೆಸರು ಲೈಸಾಂಡರ್. ಯುದ್ಧಕ್ಕೆ ಬಾರದ ವಿಮಾನವೆಂದು ಮೊದಲೇ ತಿರಸ್ಕೃತವಾಗಿತ್ತು. ಭೂಸೈನ್ಯಕ್ಕೆ ನೆರವಾಗಲೆಂದು ಕಟ್ಟಿದ್ದ ಅದನ್ನು 1940ರಲ್ಲಿ ಫ್ರಾನ್ಸಿನಲ್ಲಿ ಜರ್ಮನರು ಹಕ್ಕಿ ಹೊಡೆದಂತೆ ಹೊಡೆದು ಹಾಕಿದ್ದರು. ಅದು ಬಹಳ ನಿಧಾನ. ಆದರೆ ಆ ನಿಧಾನವೇ ಇಲ್ಲಿ ಗುಣವಾಯಿತು. ಒಂದು ಹುಲ್ಲುಗಾವಲಿನಲ್ಲಿ ಇಳಿದು, ತಿರುಗಿ, ಅಲ್ಲಿಂದಲೇ ಮೇಲೇಳಬಲ್ಲ ವಿಮಾನ ಅದು. ಬಂದೂಕುಗಳನ್ನು ಕಿತ್ತುಹಾಕಿದರು, ಹೊಟ್ಟೆಯ ಕೆಳಗೆ 150 ಗ್ಯಾಲನ್ನಿನ ಹೆಚ್ಚಿನ ಎಣ್ಣೆಯ ಪೀಪಾಯಿ ಕಟ್ಟಿದರು, ಹತ್ತಿ ಇಳಿಯಲು ಪಕ್ಕಕ್ಕೆ ಒಂದು ಏಣಿಯನ್ನು ಬಿಗಿದರು. ಹಿಂದೆ ಇಬ್ಬರಿಗೆ ಜಾಗ, ಮೂವರನ್ನು ತುರುಕಬಹುದು. ಚಾಲಕನೊಬ್ಬನೇ. ದಾರಿ ತೋರಿಸುವವರಿಲ್ಲ. ತೊಡೆಯ ಮೇಲೆ ನಕ್ಷೆ ಮಡಿಸಿಟ್ಟುಕೊಂಡು, ಬೆಳುದಿಂಗಳಿನಲ್ಲಿ ಹೊಳೆಯುವ ನದಿಗಳನ್ನು ಗುರುತಿಟ್ಟುಕೊಂಡು ಹೋಗಬೇಕು. ಹುಣ್ಣಿಮೆಯೇ ಏಕೆ ಬೇಕಿತ್ತೆಂದು ಈಗ ತಿಳಿಯಿತಷ್ಟೆ. ನಮ್ಮ ಹಳ್ಳಿಗಳಲ್ಲಿ ಗಾಡಿ ಕಟ್ಟಿಕೊಂಡು ಜಾತ್ರೆಗೆ ಹೊರಡುವವರು ಬೆಳುದಿಂಗಳು ನೋಡುತ್ತಿದ್ದಂತೆ, ಈ ಚಾಲಕರೂ ಪಂಚಾಂಗ ನೋಡಿಯೇ ಹೊರಡುತ್ತಿದ್ದರು.

ಫ್ರಾನ್ಸಿನ ಗೊತ್ತಾದ ಹೊಲದಲ್ಲಿ ಮೂರು ಕೈದೀಪಗಳನ್ನು ಇಂಗ್ಲಿಷಿನ ಎಲ್ ಅಕ್ಷರದಂತೆ ಇಟ್ಟುಕೊಂಡು ಕೆಲವರು ಕಾದಿರುತ್ತಿದ್ದರು. ಕೆಳಗಿನಿಂದ ದೀಪ ಮಿನುಗಿಸಿ ಒಪ್ಪಿದ ಸಂಕೇತಾಕ್ಷರ ತೋರಿದರೆ ಮಾತ್ರ ಇಳಿಯುವುದು. ಅಕ್ಷರ ತಪ್ಪಿದರೆ ಹಾಗೆಯೇ ಹಿಂದಕ್ಕೆ. ಇಳಿದ ಮೇಲೆ ಎಲ್ಲ ಸೇರಿ ಮೂರು ನಾಲ್ಕು ನಿಮಿಷದ ಕೆಲಸ. ಇಂಥ ಮೊದಲ ಸಾಹಸ 1940ರ ಅಕ್ಟೋಬರಿನಲ್ಲಿಯೇ ನಡೆಯಿತು. ಆ ವಿಮಾನ ಹಿಂದಿರುಗುವಾಗ ಬಿರುಗಾಳಿಗೆ ಸಿಕ್ಕಿ, ದಿಕ್ಸೂಚಿ ಕೆಟ್ಟು, ದಿಕ್ಕು ತಪ್ಪಿ, ಬೆಳಗಾದಾಗ ಎಣ್ಣೆ ತೀರಿ ಬಿದ್ದದ್ದು ಎಲ್ಲಿ ಎನ್ನುವಿರಿ? ಸ್ಕಾಟ್‌ಲೆಂಡಿನ ಪಶ್ಚಿಮ ತೀರದ ಓಬನ್ ಎಂಬಲ್ಲಿ! ದೇವರ ದಯೆಯಿಂದ ಒಳಗಿದ್ದ ಇಬ್ಬರೂ ಬದುಕಿದರು. ಎಲ್ಲರಿಗೂ ಆ ಅದೃಷ್ಟವಿರಲಿಲ್ಲ. 1943ರ ಡಿಸೆಂಬರಿನ ಒಂದು ರಾತ್ರಿ ಫ್ರಾನ್ಸಿನಿಂದ ಸುರಕ್ಷಿತವಾಗಿ ಬಂದ ಎರಡು ಲೈಸಾಂಡರುಗಳು ಮನೆಯ ಬಾಗಿಲಿನಲ್ಲಿಯೇ ದಟ್ಟವಾದ ಮಂಜಿಗೆ ಸಿಕ್ಕಿ ನೆಲಕ್ಕೆ ಬಡಿದುವು; ಇಬ್ಬರು ಚಾಲಕರೂ ಸತ್ತರು.

ಇಲ್ಲಿ ರೇಡಿಯೋದ ಮಾತೊಂದನ್ನು ಹೇಳಲೇಬೇಕು. ವಿಮಾನ ಇಂದು ಬರುತ್ತದೆಂಬ ಸುದ್ದಿ ಹೊಲದಲ್ಲಿ ಕಾಯುವವರಿಗೆ ತಿಳಿಯುವುದು ಹೇಗೆ? ಬಿ.ಬಿ.ಸಿ.ಯ ಫ್ರೆಂಚ್ ಪ್ರಸಾರದಲ್ಲಿ ವಾರ್ತೆಗಳ ಜೊತೆಗೆ ಕೆಲವು ಅರ್ಥವಿಲ್ಲದ ವಾಕ್ಯಗಳನ್ನು ಓದುತ್ತಿದ್ದರು. ಯಾರದೋ ಅತ್ತೆಯ ಆರೋಗ್ಯ, ಯಾರದೋ ತೋಟದ ಹೂವು ಎಂಬಂಥ ಮಾತುಗಳು. ಕೇಳುವವರಲ್ಲಿ ಲಕ್ಷಾಂತರ ಜನಕ್ಕೆ ಅದು ಹುಚ್ಚುಮಾತು. ಒಂದು ಹಳ್ಳಿಯ ನಾಲ್ಕು ಜನಕ್ಕೆ ಮಾತ್ರ ಅದು ಇಂದಿನ ರಾತ್ರಿ ಸಿದ್ಧವಾಗಿರಿ ಎಂಬ ಅಪ್ಪಣೆ. ಜರ್ಮನರೂ ಕಿವಿಯಿಟ್ಟು ಕೇಳುತ್ತಿದ್ದರು. ಕೇಳಿದರೇನು, ಒಗಟು ಬಿಡಿಸುವ ಬಗೆ ಬೇಕಲ್ಲ!

1943ರ ಜೂನ್ 16ರ ರಾತ್ರಿ. ಹುಣ್ಣಿಮೆಗೆ ಇನ್ನೇನು ಒಂದೆರಡು ದಿನ. ಎರಡು ಲೈಸಾಂಡರುಗಳು ನಾಲ್ವರನ್ನು ಹೊತ್ತು ಟ್ಯಾಂಗ್‌ಮಿಯರಿನಿಂದ ಹೊರಟುವು. ಮೂವರು ಹೆಂಗಸರು: ಡಯಾನಾ ರೌಡನ್, ಸೆಸಿಲಿ ಲಫೋರ್, ನೂರ್ ಇನಾಯತ್ ಖಾನ್. ಜೊತೆಗೆ ಚಾರ್ಲ್ಸ್ ಸ್ಕೆಪರ್ ಎಂಬಾತ. ಅವರನ್ನು ಬೀಳ್ಕೊಡಲು ಲಂಡನ್ನಿನಿಂದ ಬಂದಿದ್ದವಳು ಗುಪ್ತದಳದ ಅಧಿಕಾರಿಣಿ ವೀರಾ ಅಟ್ಕಿನ್ಸ್. ಅವಳ ಉಡುಪಿಗೆ ಸಿಕ್ಕಿಸಿದ್ದ ಬೆಳ್ಳಿಯ ಹಕ್ಕಿಯೊಂದನ್ನು ನೂರ್ ಚೆಂದವಾಗಿದೆಯೆಂದು ಮೆಚ್ಚಿಕೊಂಡಳಂತೆ. ಅಟ್ಕಿನ್ಸ್ ಅದನ್ನು ತೆಗೆದು ಅವಳಿಗೇ ಕೊಟ್ಟಳಂತೆ.

ಈ ನೂರ್ ಯಾರು? ತಂದೆ ಹಜರತ್ ಇನಾಯತ್ ಖಾನ್ ಬರೋಡೆಯವರು. ವೀಣಾವಾದಕರು, ಸೂಫಿ ಗುರುಗಳು, 1910ರಲ್ಲಿ ಪಶ್ಚಿಮ ದೇಶಗಳಿಗೆ ಹೋದವರು. ಅವರ ತಾಯಿಯ ತಂದೆ ಮೌಲಾಬಕ್ಷ್, ಬರೋಡೆಯ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ 1886ರಲ್ಲಿ ಸಂಗೀತಶಾಲೆಯನ್ನು ಸ್ಥಾಪಿಸಿದ ಪ್ರಖ್ಯಾತ ಸಂಗೀತಗಾರರು. ಉತ್ತರಾದಿಯ ಜೊತೆಗೆ ದಕ್ಷಿಣಾದಿ ಸಂಗೀತವನ್ನೂ ಕಲಿತವರು. ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಪಡೆದವರು. ಅವರು ಕೈಹಿಡಿದ ಕಾಸಿಂಬಿ ಟಿಪ್ಪು ಸುಲ್ತಾನನ ಮೊಮ್ಮಗಳೆಂದು ಆ ಮನೆತನದ ಪರಂಪರೆ ಹೇಳುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಬಳಿಕ ಟಿಪ್ಪುವಿನ ಮಕ್ಕಳನ್ನು ಇಂಗ್ಲಿಷರು ಮೊದಲು ವೆಲ್ಲೂರಿಗೆ, ಅಲ್ಲಿ 1806ರಲ್ಲಿ ಸಿಪಾಯಿಗಳ ದಂಗೆಯಾದ ಮೇಲೆ ಕಲ್ಕತ್ತೆಗೆ ಸಾಗಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ಚೆದುರಿಹೋದ ಆ ವಂಶದ ಒಂದು ಎಳೆ ಹೀಗೆ ಬರೋಡೆಯ ಸಂಗೀತಶಾಲೆಗೆ ಬಂದು ಸೇರಿತು.

ನೂರ್ ಹುಟ್ಟಿದ್ದು 1914ರ ಹೊಸವರ್ಷದ ದಿನ, ಮಾಸ್ಕೋ ನಗರದಲ್ಲಿ. ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಹತ್ತಿರದ ಸ್ಯುರೇನ್ ಎಂಬಲ್ಲಿ. 1927ರಲ್ಲಿ ತಂದೆ ದೆಹಲಿಯಲ್ಲಿ ತೀರಿಕೊಂಡಾಗ ಮನೆಯ ಹಿರಿಯ ಮಗಳಿಗೆ ಹದಿಮೂರು ವರ್ಷ. ತಾಯಿ ದುಃಖದಿಂದ ಕೋಣೆ ಸೇರಿದರು. ತಮ್ಮಂದಿರು, ತಂಗಿ ಎಲ್ಲರ ಯೋಗಕ್ಷೇಮ ಇವಳ ಮೇಲೆ ಬಿತ್ತು. ಸಂಗೀತ ಕಲಿತಳು; ಸೊರ್ಬಾನ್ ವಿಶ್ವವಿದ್ಯಾನಿಲಯದಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದಳು. ಮಕ್ಕಳಿಗಾಗಿ ಕಥೆ ಬರೆಯತೊಡಗಿದಳು. ಪ್ಯಾರಿಸ್ಸಿನ ರೇಡಿಯೋದಲ್ಲಿ ಮಕ್ಕಳ ಕಾರ್ಯಕ್ರಮಕ್ಕೆ ಅವಳ ಕಥೆಗಳು ಪ್ರಸಾರವಾಗುತ್ತಿದ್ದುವು. ಬುದ್ಧನ ಹಿಂದಿನ ಜನ್ಮಗಳ ಇಪ್ಪತ್ತು ಜಾತಕ ಕಥೆಗಳನ್ನು ಇಂಗ್ಲಿಷಿನಲ್ಲಿ ಮಕ್ಕಳಿಗೆ ತಿಳಿಯುವಂತೆ ಬರೆದ ಪುಸ್ತಕ 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಗಂಗೆಯ ದಡದಲ್ಲಿ ಬೇಟೆಗಾರರ ಬಾಣಗಳಿಗೆ ಸಿಕ್ಕಿದ ತನ್ನ ಕಪಿಗಳನ್ನು ಪಾರುಮಾಡಲು ಮೈಯನ್ನೇ ಸೇತುವೆಯಾಗಿ ಚಾಚಿದ ಕಪಿರಾಜನ ಕಥೆಯೂ ಅದರಲ್ಲಿದೆ.

ಅದೇ ವರ್ಷ ಯುದ್ಧ ಬಂತು. 1940ರ ಜೂನಿನಲ್ಲಿ ಸಂಸಾರ ಪ್ಯಾರಿಸ್ಸನ್ನು ಬಿಟ್ಟು ಇಂಗ್ಲೆಂಡಿಗೆ ಓಡಿತು. ಅಹಿಂಸೆಯ ಮನೆಯಲ್ಲಿ ಬೆಳೆದವಳು. ಆದರೂ ಸುಮ್ಮನೆ ಕೂರಲು ಮನಸ್ಸು ಒಪ್ಪಲಿಲ್ಲ. ನವೆಂಬರಿನಲ್ಲಿ ಮಹಿಳಾ ವಿಮಾನದಳದಲ್ಲಿ ಕೆಳದರ್ಜೆಯ ಸೇವಕಿಯಾಗಿ ಸೇರಿ, ಮೋರ್ಸ್ ಸಂಕೇತದಲ್ಲಿ ಸುದ್ದಿ ಕಳುಹಿಸುವ ತರಬೇತಿ ಪಡೆದಳು. ಅಧಿಕಾರದ ಹುದ್ದೆಗಾಗಿ ಸಂದರ್ಶನಕ್ಕೆ ಕರೆದಾಗ ಭಾರತದ ಮಾತು ಬಂತು. ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪಕ್ಷವನ್ನೇ ವಹಿಸಬೇಕಾಗಬಹುದೆಂದು ಮುಚ್ಚುಮರೆಯಿಲ್ಲದೆ ಹೇಳಿದಳೆಂದು ಅವಳ ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಹೇಳಿ ಬಂದು, ಕೆಲಸ ಹೋಯಿತೆಂದೇ ತಿಳಿದಿದ್ದಳಂತೆ. ಹೋಗಲಿಲ್ಲ. ಫ್ರೆಂಚ್ ಭಾಷೆಯನ್ನು ಅಲ್ಲಿಯವಳಂತೆಯೇ ಮಾತನಾಡುವ, ಸಂಕೇತ ಬಲ್ಲ ಹುಡುಗಿ ಗುಪ್ತದಳಕ್ಕೆ ಬೇಕಾಗಿದ್ದಳು.

ತರಬೇತಿ ಕೊಟ್ಟವರಲ್ಲಿ ಎಲ್ಲರೂ ಅವಳನ್ನು ಒಪ್ಪಲಿಲ್ಲ. ಮೃದು ಸ್ವಭಾವ, ಸುಳ್ಳು ಹೇಳಲು ಬಾರದು, ಈ ಕೆಲಸಕ್ಕೆ ತಕ್ಕವಳಲ್ಲ ಎಂದು ಬರೆದವರುಂಟು. ಆದರೂ ಕಳುಹಿಸಿದರು. ಕಳುಹಿಸಬೇಕಾಗಿತ್ತೆ? ಈ ಪ್ರಶ್ನೆ ಇಂದಿಗೂ ಬಗೆಹರಿದಿಲ್ಲ. ರೇಡಿಯೋ ನಡೆಸುವವರು ಬಹಳ ಬೇಗ ಸಿಕ್ಕಿಬೀಳುತ್ತಿದ್ದರು. ಒಬ್ಬರು ಆರು ವಾರ ಉಳಿದರೆ ಹೆಚ್ಚು ಎಂದು ಆಗ ಲೆಕ್ಕ ಹಾಕುತ್ತಿದ್ದರು. ಕಾರಣವೂ ಸರಳ. ಕೇಳುವ ಪೆಟ್ಟಿಗೆ ಯಾರಿಗೂ ತನ್ನ ಸುಳಿವು ಕೊಡುವುದಿಲ್ಲ. ಕಳುಹಿಸುವ ಪೆಟ್ಟಿಗೆ ತಾನು ಎಲ್ಲಿದ್ದೇನೆಂದು ಊರಿಗೆಲ್ಲ ಕೂಗಿ ಹೇಳಿದಂತೆಯೇ. ಜರ್ಮನರ ಗಾಡಿಗಳು ಆ ಸದ್ದಿನ ದಿಕ್ಕನ್ನು ಅಳೆಯುತ್ತ ಬೀದಿಬೀದಿ ಸುತ್ತುತ್ತಿದ್ದುವು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಒಂದೆಡೆಯಿಂದ ಕಳುಹಿಸುವುದೆಂದರೆ ಅವರನ್ನು ಮನೆಗೆ ಕರೆದಂತೆ. ಯಂತ್ರವನ್ನು ಕೈಪೆಟ್ಟಿಗೆಯಲ್ಲಿ ಅಡಗಿಸಿಕೊಂಡು ತಿರುಗಬೇಕು. ಅಷ್ಟುದ್ದದ ತಂತಿಯನ್ನು ಎಲ್ಲಿಯಾದರೂ ಕಟ್ಟಬೇಕು. ಒಮ್ಮೆ ನೂರ್ ತಂತಿ ಕಟ್ಟಲು ಹೆಣಗುತ್ತಿದ್ದಾಗ ನೆರೆಯಲ್ಲಿದ್ದ ಜರ್ಮನ್ ಅಧಿಕಾರಿಯೊಬ್ಬ ಬಟ್ಟೆ ಒಣಗಿಸುವ ಹಗ್ಗವೆಂದು ತಿಳಿದು ತಾನೇ ಮರಕ್ಕೆ ಕಟ್ಟಿಕೊಟ್ಟನೆಂದು ಹೇಳುವುದುಂಟು.

ಗುಪ್ತವಾಗಿ ಫ್ರಾನ್ಸಿಗೆ ಹೋದ ಬ್ರಿಟಿಷ್ ರೇಡಿಯೋ ಚಾಲಕರಲ್ಲಿ ಮೊದಲ ಹೆಂಗಸು ಅವಳು. ಅಲ್ಲಿ ಅವಳ ಗುಪ್ತನಾಮ ಮಾದಲೇನ್. ಆಂಝೆ ಪಟ್ಟಣದ ಬಳಿಯ ಹೊಲದಲ್ಲಿ ಇಳಿದು ಪ್ಯಾರಿಸ್ ಸೇರಿದ ಒಂದು ವಾರಕ್ಕೆ ಇಡೀ ತಂಡ ಸಿಕ್ಕಿಬಿತ್ತು; ಮುಖಂಡರು ಜೂನ್ ಕೊನೆಯ ಹೊತ್ತಿಗೆ ಸೆರೆಯಾದರು. ಹಿಂದಕ್ಕೆ ಬಾ, ವಿಮಾನ ಕಳುಹಿಸುತ್ತೇವೆ ಎಂದು ಲಂಡನ್ನಿನಿಂದ ಹೇಳಿದರು. ಬದಲಿಗೆ ಯಾರೂ ಬರುವ ತನಕ ತಾನು ಹೊರಡುವುದಿಲ್ಲವೆಂದಳು. ಬೇಸಗೆ ಕಳೆದು ಶರತ್ಕಾಲ ಬರುವ ತನಕ ಪ್ಯಾರಿಸ್ಸಿನ ಆ ಜನಕ್ಕೂ ಲಂಡನ್ನಿಗೂ ನಡುವೆ ಉಳಿದ ಕೊಂಡಿ ಹೆಚ್ಚುಕಡಮೆ ಅವಳೊಬ್ಬಳೇ. ಕೂದಲ ಬಣ್ಣ ಬದಲಿಸಿಕೊಂಡು, ದಿನಕ್ಕೊಂದು ಮನೆ ಬದಲಿಸಿಕೊಂಡು ನಾಲ್ಕು ತಿಂಗಳು ಉಳಿದಳು. ಆರು ವಾರದ ಲೆಕ್ಕ ಹಾಕಿದವರಿಗೆ ಇದು ಸರಿಯಾದ ಉತ್ತರ. ಅಕ್ಟೋಬರಿನ ಮಧ್ಯದಲ್ಲಿ ಯಾರೋ ಹಣಕ್ಕಾಗಿ ಸುಳಿವು ಕೊಟ್ಟು, ಬಾಡಿಗೆಯ ಕೋಣೆಯಲ್ಲಿ ಸಿಕ್ಕಿಬಿದ್ದಳು.

ಅವಳ ತಪ್ಪೊಂದನ್ನೂ ಮರೆಮಾಚಬಾರದು. ಕಳುಹಿಸಿದ ಸುದ್ದಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಕೊಟ್ಟ ಅಪ್ಪಣೆಯನ್ನು ತಪ್ಪಾಗಿ ತಿಳಿದುಕೊಂಡಿದ್ದಳೆಂದು ಕೆಲವರು ಹೇಳುತ್ತಾರೆ. ಆ ಪುಸ್ತಕ ಜರ್ಮನರ ಕೈಸೇರಿತು. ಅವಳ ಯಂತ್ರದಿಂದಲೇ ಅವಳ ಹೆಸರಿನಲ್ಲಿ ಅವರು ಲಂಡನ್ನಿಗೆ ಸುದ್ದಿ ಕಳುಹಿಸತೊಡಗಿದರು. ಬಂಧನದ ಸುಳಿವು ಲಂಡನ್ನಿಗೆ ಬೇರೆ ದಾರಿಯಿಂದ ಬಂದಿದ್ದರೂ ಅಲ್ಲಿಯವರು ಬೆಲೆ ಕೊಡಲಿಲ್ಲ. 1944ರ ಫೆಬ್ರುವರಿಯಲ್ಲಿ ಆ ಸುಳ್ಳು ಸುದ್ದಿಗಳನ್ನು ನಂಬಿ ಕಳುಹಿಸಿದವರು ಕೊಡೆ ಬಿಚ್ಚಿ ನೆಲಕ್ಕಿಳಿದಾಗ ಎದುರುಗೊಂಡವರು ಜರ್ಮನರೇ. ಇದರಲ್ಲಿ ಹುಡುಗಿಯ ತಪ್ಪು ಎಷ್ಟು, ಲಂಡನ್ನಿನ ಮೇಜಿನ ಮುಂದೆ ಕುಳಿತವರ ತಪ್ಪು ಎಷ್ಟು? ನನ್ನ ತಕ್ಕಡಿ ಎರಡನೆಯ ಕಡೆಗೇ ವಾಲುತ್ತದೆ.

ಬಾಯಿಂದ ಮಾತ್ರ ಅವಳು ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ. ಪ್ಯಾರಿಸ್ಸಿನ ಜರ್ಮನ್ ಗುಪ್ತಚಾರರ ಮುಖ್ಯಸ್ಥನಾಗಿದ್ದ ಕೀಫರನೇ ಯುದ್ಧಾನಂತರದ ವಿಚಾರಣೆಯಲ್ಲಿ ಇದನ್ನು ಒಪ್ಪಿಕೊಂಡ. ಎರಡು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದಳು. ಎರಡು ಬಾರಿಯೂ ಹಿಡಿದು ತಂದರು. ಇನ್ನು ತಪ್ಪಿಸಿಕೊಳ್ಳುವುದಿಲ್ಲವೆಂದು ಮಾತು ಕೊಡಲು ಒಪ್ಪಲಿಲ್ಲ. ನವೆಂಬರಿನಲ್ಲಿ ಜರ್ಮನಿಯ ಫೋರ್ಟ್ಸ್‌ಹೈಮ್ ಎಂಬ ಊರಿನ ಸೆರೆಮನೆಗೆ ಒಯ್ದು, ಕೈಕಾಲುಗಳಿಗೆ ಸರಪಳಿ ತೊಡಿಸಿ, ಒಂಟಿಕೋಣೆಯಲ್ಲಿ ಸುಮಾರು ಹತ್ತು ತಿಂಗಳು ಇಟ್ಟರು. 1944ರ ಸೆಪ್ಟೆಂಬರ್ 13ರ ಬೆಳಗ್ಗೆ ಡಾಹೌ ಶಿಬಿರದಲ್ಲಿ ಇನ್ನು ಮೂವರು ಹೆಂಗಸರ ಜೊತೆಗೆ ಗುಂಡಿಕ್ಕಿ ಕೊಂದರು. ಅವಳಿಗೆ ಮೂವತ್ತು ವರ್ಷ. ಜೂನ್ 16ರ ರಾತ್ರಿ ಟ್ಯಾಂಗ್‌ಮಿಯರಿನಿಂದ ಹೊರಟ ನಾಲ್ವರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ಆ ರಾತ್ರಿ ಹೊಲದಲ್ಲಿ ದೀಪ ಹಿಡಿದು ಅವರನ್ನು ಬರಮಾಡಿಕೊಂಡ ದೆರಿಕೂರ್ ಎಂಬಾತ ಜರ್ಮನರ ಜೊತೆಗೂ ಸಂಪರ್ಕ ಇಟ್ಟುಕೊಂಡಿದ್ದನೆಂದು ಆಮೇಲೆ ತಿಳಿದುಬಂತು. 1948ರಲ್ಲಿ ಫ್ರೆಂಚ್ ಸೈನಿಕ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು.

ನೂರಳಿಗೆ 1949ರಲ್ಲಿ ಬ್ರಿಟನ್ನಿನ ಜಾರ್ಜ್ ಕ್ರಾಸ್ ಪದಕ ಬಂತು. ಫ್ರಾನ್ಸ್ ಸಹ ಮನ್ನಿಸಿತು. 1952ರಲ್ಲಿ ಜೀನ್ ಓವರ್ಟನ್ ಫುಲ್ಲರ್ ಅವಳ ಮೊದಲ ಜೀವನಚರಿತ್ರೆ ಬರೆದಳು. ಅವಳ ಸರಕಾರಿ ಕಡತ ಬಹಿರಂಗವಾದದ್ದು 2003ರಲ್ಲಿ. ಅದನ್ನು ಬಳಸಿ ಶ್ರಾವಣಿ ಬಸು 2006ರಲ್ಲಿ ಇನ್ನೊಂದು ಪುಸ್ತಕ ಹೊರತಂದರು. 2012ರ ನವೆಂಬರಿನಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್ ಉದ್ಯಾನದಲ್ಲಿ ಅವಳ ಪ್ರತಿಮೆಯನ್ನು ನಿಲ್ಲಿಸಿದರು. ಸಮಾಧಿ ಎಲ್ಲಿಯೂ ಇಲ್ಲ. ಗೋರಿಯಿಲ್ಲದ ವಿಮಾನದಳದವರ ಹೆಸರುಗಳನ್ನು ಕೆತ್ತಿರುವ ರನ್ನಿಮೀಡ್ ಸ್ಮಾರಕದಲ್ಲಿ ಅವಳ ಹೆಸರೂ ಸೇರಿದೆ.

ಟ್ಯಾಂಗ್‌ಮಿಯರಿನ ಬಯಲು ಈಗ ನೋಡಲು ಬೇರೆಯೇ ಆಗಿದೆ. ಸಂಗ್ರಹಾಲಯದ ಆಚೆ ಹೊಸ ಮನೆಗಳ ಬೀದಿಗಳು ಬಂದಿವೆ. ಒಂದು ಕಾಲಕ್ಕೆ ವಿಮಾನಗಳು ಓಡುತ್ತಿದ್ದ ಕಡೆ ಬಹು ವಿಶಾಲವಾದ ಗಾಜಿನ ಮನೆಗಳನ್ನು ಕಟ್ಟಿ ದೊಣ್ಣೆಮೆಣಸಿನಕಾಯಿ ಬೆಳೆಯತೊಡಗಿದರು. ಹುಣ್ಣಿಮೆಯ ರಾತ್ರಿಗಳಲ್ಲಿ ಲೈಸಾಂಡರುಗಳು ಹೊರಡುತ್ತಿದ್ದ ದಿಕ್ಕಿನಲ್ಲಿ, ದಕ್ಷಿಣಕ್ಕೆ, ಸಮುದ್ರ ಮೊದಲಿನಂತೆಯೇ ಕೆಲವು ಮೈಲಿಗಳ ದೂರದಲ್ಲಿದೆ.